ಸವಳು ಬಾವಿಯ ತಿಮಿಂಗಲ

ಹೋದ ತಿಂಗಳು ಒಂದು ದಿನ ಮನೆಯವರೆಲ್ಲ ಕೂತು ಟೀವಿ ನೋಡುತ್ತಿದ್ದರು. ಯಾವುದೋ ದೇಶದಲ್ಲಿ ದೊಡ್ಡದೊಂದು ಕೊಳ, ಅದರ ಸುತ್ತ ಮೆಟ್ಟಿಲ ಮೇಲೆ ಸಾವಿರಾರು ಜನ, ನಡುವೆ ಕಪ್ಪು ಬಿಳಿ ಬಣ್ಣದ ತಿಮಿಂಗಲ. ಸೀಟಿ ಊದಿದಾಗ ಅದು ನೀರಿನಿಂದ ಎಗರುತ್ತಿತ್ತು, ಬಿದ್ದಾಗ ಮುಂದೆ ಕೂತ ಜನ ತೊಯ್ಸಿಕೊಂಡು ನಗುತ್ತಿದ್ದರು. ಅದರ ಬೆನ್ನ ಮೇಲಿನ ರೆಕ್ಕೆ ಒಂದು ಕಡೆ ಬಾಗಿ ಬಿದ್ದಿತ್ತು. ಕೊಳದಲ್ಲಿ ಕೂಡಿಹಾಕಿದವುಗಳಿಗೆ ಹಾಗಾಗುತ್ತದಂತೆ. ಸಮುದ್ರ ದೂರವಿರುವ ಊರುಗಳಲ್ಲಿ ನೀರಿಗೆ ಮೂಟೆಗಟ್ಟಲೆ ಉಪ್ಪು ಸುರಿದು ಸಮುದ್ರ ಮಾಡಿಕೊಳ್ಳುತ್ತಾರೆ ಎಂದೂ ಟೀವಿಯಲ್ಲಿ ಹೇಳಿದರು. ಮೊಮ್ಮಗಳು ನನ್ನ ಕಡೆ ತಿರುಗಿ, "ಉಪ್ಪ ಹಾಕಿದ್ರ ಸಮುದ್ರ ಆಗತೈತೇನಜ್ಜಿ?" ಎಂದಳು. "ಆಗೂದಿಲ್ಲ" ಎಂದೆ. ನಿನಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಈ ಮನೆಯಲ್ಲಿ ಮುದುಕಿಯನ್ನು ಕೇಳುವ ರೂಢಿ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಶಿರಹಟ್ಟಿಯವಳು. ಮದುವೆಯಾಗಿ ಬೆಟಗೇರಿಯ ನೇಕಾರರ ಮನೆಗೆ ಬಂದೆ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಅದಕ್ಕೂ ಮುಂಚೆ ನಮ್ಮ ಶಿರಹಟ್ಟಿ ಸಾಂಗ್ಲಿಯ ರಾಜರಿಗೆ ಸೇರಿತ್ತು, ಬೆಟಗೇರಿ ಮುಂಬಯಿ ಸರಕಾರಕ್ಕೆ. ರಾಜರು ಹೋದ ಮೇಲೂ ನಮ್ಮತ್ತೆ ನನ್ನನ್ನು ಹಂಗಿಸಬೇಕಾದಾಗಲೆಲ್ಲ "ಸಂಸ್ಥಾನದಾಕಿ" ಎನ್ನುತ್ತಿದ್ದರು. ರೊಟ್ಟಿ ದಪ್ಪವಾದರೆ ಸಂಸ್ಥಾನದ ರೊಟ್ಟಿ, ತಡವಾಗಿ ಎದ್ದರೆ ಸಂಸ್ಥಾನದ ನಿದ್ದೆ. ನಾನೂ ಸುಮ್ಮನಿರುವವಳಲ್ಲ. ಆದರೆ ಇಲ್ಲಿ ಹೇಳಬೇಕಾದದ್ದು ನಮ್ಮ ಜಗಳವಲ್ಲ, ಬಾವಿ.

ಹೆಣ್ಣು ಕೇಳಲು ಬಂದಾಗ ನಮ್ಮ ಮಾವನ ಕಡೆಯವರು ನಮ್ಮಪ್ಪನಿಗೆ ಹೇಳಿದ್ದು ಒಂದೇ ಮಾತು. "ಹಿತ್ತಲದಾಗ ಬಾವಿ ಐತಿ, ನಿಮ್ಮ ಹುಡುಗಿ ನೀರಿಗೆ ಹೊರಗ ಹೋಗೂದು ಬ್ಯಾಡ." ನಮ್ಮ ಕಡೆ ಇದು ಸಣ್ಣ ಮಾತಲ್ಲ. ನೀರಿಲ್ಲದ ಮನೆಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಿದ್ದರು. ನಮ್ಮಪ್ಪ ಒಪ್ಪಿದ. ನಮ್ಮತ್ತೆಯನ್ನು ತರುವಾಗಲೂ ಅವರಪ್ಪನಿಗೆ ಇದನ್ನೇ ಹೇಳಿದ್ದರಂತೆ. ಹೇಳಿದ್ದು ಸುಳ್ಳೂ ಅಲ್ಲ. ಬಾವಿ ಇತ್ತು. ನೀರೂ ಇತ್ತು, ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಬಾಯಿಗಿಟ್ಟಾಗ ಮಾತ್ರ ಗೊತ್ತಾಗುತ್ತಿತ್ತು. ಅದು ಸವಳು ಬಾವಿ. ಓಣಿಯವರು ಅದನ್ನು ಉಪ್ಪುನೀರಿನ ಬಾವಿ ಎನ್ನುತ್ತಿದ್ದರು.

ಆ ನೀರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಗೊತ್ತಿಲ್ಲದೆ ಅದರಲ್ಲಿ ತೊಗರಿಬೇಳೆ ಇಟ್ಟು, ಮಧ್ಯಾಹ್ನದ ಊಟಕ್ಕೆ ಕೂತವರು ಸಂಜೆಯತನಕ ಕಾದರಂತೆ. ಅದರಲ್ಲಿ ನೂಲಿಗೆ ಬಣ್ಣ ಹಾಕಿದರೆ ಕೆಂಪು ಕಂದಾಗಿ ಏಳುತ್ತಿತ್ತು. ಗಂಜಿ ಕಾಸಿ ನೂಲಿಗೆ ಹಚ್ಚಿದರೆ ಎಳೆ ಬಿರುಸಾಗಿ ಮಗ್ಗದಲ್ಲಿ ಪಟಪಟ ಹರಿಯುತ್ತಿತ್ತು. ಪಾತ್ರೆ ತೊಳೆಯಲು, ಅಂಗಳಕ್ಕೆ ಚಳೆ ಹೊಡೆಯಲು ಬಿಟ್ಟರೆ ಬೇರೆ ಯಾವುದಕ್ಕೂ ಬಾರದ ನೀರು. ಹೀಗಾಗಿ ಮನೆಯಲ್ಲಿ ಬಾವಿ ಇಟ್ಟುಕೊಂಡು ಅತ್ತೆ ಪ್ರಾಯವೆಲ್ಲ ಕೆರೆಯಿಂದ ಕೊಡ ಹೊತ್ತರು. ಆಮೇಲೆ ಕೊಡ ನನ್ನ ತಲೆಗೆ ಬಂತು. ನಾನು ಕೊಡ ಇಳಿಸಿ ಉಸ್ಸೆಂದಾಗ ಅವರು ಒಮ್ಮೆ ಬಾವಿಯ ಕಡೆ ನೋಡಿ, "ಅದಾ ನೋಡು, ನಮ್ಮಿಬ್ಬರನ್ನೂ ಕರಕೊಂಡ ಬಂದಿದ್ದು" ಎಂದಿದ್ದರು. ಅತ್ತೆ ನನ್ನನ್ನೂ ತಮ್ಮನ್ನೂ ಸೇರಿಸಿ ಮಾತಾಡಿದ್ದು ಅದೇ ಮೊದಲು.

ಕನ್ನಡದವರೆಲ್ಲ ಒಂದೇ ರಾಜ್ಯವಾಗಬೇಕು ಎಂಬ ಗದ್ದಲ ಜೋರಾಗಿದ್ದ ಕಾಲ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಮಗ್ಗ ಬಿಟ್ಟು ಗದಗಿನ ಮೆರವಣಿಗೆಗೆ ಹೋಗಿ, ಕೂಗಿ, ಗಂಟಲು ಕೆಡಿಸಿಕೊಂಡು ಬರುತ್ತಿದ್ದರು. ಆ ಬೇಸಿಗೆಯ ಮೊದಲಿಗೆ ನಮ್ಮ ಹಿತ್ತಲ ಬೇಲಿಯ ಆಚೆಯ ಬಯಲಲ್ಲಿ ಒಂದು ಸಣ್ಣ ಸರ್ಕಸ್ ಕಂಪನಿ ಡೇರೆ ಹೂಡಿತು. ಒಂದು ಆನೆ, ಕೆಲವು ಕುದುರೆ, ಹಲ್ಲಿಲ್ಲದ ಒಂದು ಸಿಂಹ. ಬಾಗಿಲಿಗೆ ಕಟ್ಟಿದ ಬಟ್ಟೆಯ ಮೇಲೆ ಹಡಗನ್ನು ನುಂಗುತ್ತಿರುವ ತಿಮಿಂಗಲದ ಚಿತ್ರ. "ಬರ್ರಿ, ನೋಡ್ರಿ, ಜೀವಂತ ತಿಮಿಂಗಲದ ಆಟ" ಎಂದು ಹಲಗೆ ಬಡಿಯುತ್ತ ಊರೆಲ್ಲ ಸಾರಿದರು. ಪುರಾಣದಲ್ಲಿ ಕೇಳಿದ್ದ ಪ್ರಾಣಿ, ಬೆಟಗೇರಿಯ ಬಯಲಿಗೆ ಬಂದಿದೆ ಎಂದರೆ ಯಾರು ಬಿಡುತ್ತಾರೆ. ಮೊದಲನೆಯ ಆಟಕ್ಕೇ ಜನ ತುಂಬಿತು. ನಮ್ಮ ಮನೆಯವರೂ ಹೋದರು.

ತಿರುಗಿ ಬಂದವರು ಮುಖ ಸಣ್ಣದು ಮಾಡಿಕೊಂಡಿದ್ದರು. ನಾನು ಏನಾಯಿತೆಂದು ಕೇಳಿದೆ. "ಎಮ್ಮಿ ಕರುವಿನಷ್ಟ ಐತಿ. ಮೀಸಿ ಅದಾವು. ತೊಯ್ದ ಚೀಲ ಹೊರಳ್ಯಾಡಿದಂಗ ಹೊರಳ್ಯಾಡತೈತಿ" ಎಂದರು. ಡೇರೆಯಲ್ಲಿ ಯಾರೋ ಎದ್ದು, ಇದು ಹೊಳೆಯ ನೀರನಾಯಿ, ರೊಕ್ಕ ವಾಪಸ್ ಕೊಡ್ರಿ ಎಂದು ಗಲಾಟೆ ಮಾಡಿದರಂತೆ. ಕಂಪನಿಯ ಮಾಲಕ ಮುಂದೆ ಬಂದು, ಇದು ತಿಮಿಂಗಲದ ಕೂಸು, ಬೆಳೆದ ಮೇಲೆ ಹಡಗು ನುಂಗುತ್ತದೆ ಎಂದನಂತೆ. ಅರ್ಧ ಜನ ನಂಬಿದರು. ಅದರ ಹೆಸರು ಕಡಲಸಿಂಹ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬೆಟಗೇರಿಯಲ್ಲಿ ಅದು ಕೊನೆಯತನಕ ತಿಮಿಂಗಲವೇ ಆಗಿತ್ತು, ಇಲ್ಲಿಯೂ ಹಾಗೇ ಬರೆಯುತ್ತೇನೆ.

ಮಾರನೆಯ ದಿನ ಅದನ್ನು ಸಾಕುವವ ನಮ್ಮ ಬಾಗಿಲಿಗೆ ಬಂದ. ಮೂವತ್ತರ ಆಸುಪಾಸಿನ ಕಪ್ಪನೆಯ ಮನುಷ್ಯ, ಮೈಯಿಂದ ಮೀನಿನ ವಾಸನೆ. ಅಂಗಳದಲ್ಲೇ ನಿಂತು, "ಅಮ್ಮಾ, ಉಪ್ಪು ಉಂಟಾ? ದಪ್ಪ ಉಪ್ಪು" ಎಂದ. ಮಂಗಳೂರಿನ ಕಡೆಯವನು. ಆ ಕಡೆಯ ಮಾತು ನಾವು ಅಲ್ಲಿಯತನಕ ಕೇಳಿದ್ದಿಲ್ಲ. ಅತ್ತೆಗೆ ನಗು ಬಂತು.

"ಉಂಟ ಉಂಟ ಅಂತೀಯಲ್ಲೋ ತಮ್ಮಾ, ಊಟರೆ ಆಗೇತಿಲ್ಲೋ ನಿಂದು?"

"ಊಟ ನನ್ನದು ಆಗಿದೆ. ಅದರದ್ದು ಆಗಲಿಲ್ಲ" ಎಂದ.

ಅತ್ತೆ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸಿದರು. ಪ್ರಾಣಿ ಮೀನು ತಿನ್ನುವುದನ್ನು ಬಿಟ್ಟಿತ್ತು. ಕಣ್ಣ ಮೇಲೆ ಬಿಳಿ ಪೊರೆ ಬರುತ್ತಿತ್ತು. ಸಿಹಿನೀರಲ್ಲಿಟ್ಟರೆ ಹೀಗಾಗುತ್ತದೆ, ಸಮುದ್ರದ ಪ್ರಾಣಿಗೆ ಉಪ್ಪುನೀರು ಬೇಕು ಎಂದು ಅವನು ಹೇಳಿದ. ಉಪ್ಪು ಹೋಗಲಿ, ನೀರೇ ಸಿಗುತ್ತಿರಲಿಲ್ಲ. ಕೆರೆ ಇಳಿದಿತ್ತು. ಆನೆ ಕುದುರೆ ಕುಡಿಯಲಿ, ಮೀನು ತಿನ್ನುವ ಪ್ರಾಣಿಯ ಮೈ ತೊಳೆಯಲು ನಾವು ಕುಡಿಯುವ ನೀರು ಕೊಡುವುದಿಲ್ಲ ಎಂದು ಊರ ಹಿರಿಯರು ಹೇಳಿಬಿಟ್ಟಿದ್ದರು. ಅವರದೂ ತಪ್ಪೆನ್ನಲಾರೆ. ಹುಬ್ಬಳ್ಳಿಯಿಂದ ತುಂಬಿಸಿಕೊಂಡು ಬಂದ ನೀರೇ ಆ ತೊಟ್ಟಿಯಲ್ಲಿ ಹಸಿರುಗಟ್ಟಿತ್ತು. ಅದು ಸತ್ತರೆ ನನ್ನನ್ನು ಕಂಪನಿಯಿಂದ ಬಿಡಿಸುತ್ತಾರೆ ಎಂದ. ಮತ್ತೆ ತಾನೇ, "ಬಿಡಿಸಲಿ. ಆದ್ರೆ ಅದು ಸಾಯಬಾರದು" ಎಂದ.

ಅತ್ತೆ ಎದ್ದು ನಿಂತರು. ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು.

"ಉಪ್ಪನೀರ ಬೇಕಾ ನಿನಗ? ಬಾ ಇಲ್ಲೆ."

ಹಿತ್ತಲಿಗೆ ಕರೆದುಕೊಂಡು ಹೋಗಿ ಬಾವಿ ತೋರಿಸಿದರು. ಅವನು ದೂರ ನಿಂತ. ಮೀನು ಮುಟ್ಟುವ ಕೈ, ಬಾವಿ ಮುಟ್ಟಬಹುದೋ ಇಲ್ಲವೋ ಎಂಬ ಅನುಮಾನ ಅವನಿಗೆ. "ಮುಟ್ಟೋ ಮಾರಾಯಾ. ಯಾರೂ ಕುಡಿಯದ ಬಾವಿಗಿ ಎಂಥಾ ಮೈಲಿಗಿ" ಎಂದರು ಅತ್ತೆ. ಅವನೇ ಕೊಡ ಬಿಟ್ಟು ಸೇದಿದ. ಬೊಗಸೆಯಲ್ಲಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿದ. ಆಮೇಲೆ ಆ ಕಡೆ ತಿರುಗಿ ಉಗುಳಿದ. ಆ ನೀರನ್ನು ಉಗುಳದವರನ್ನು ನಾನು ಕಂಡಿಲ್ಲ, ಹಾಗಾಗಿ ಅದರಲ್ಲಿ ನನಗೇನೂ ವಿಶೇಷ ಕಾಣಲಿಲ್ಲ. ಅವನು ಬಾವಿಯೊಳಗೆ ಬಗ್ಗಿ ನೋಡಿದ. ನೀರು ಮೇಲಿನತನಕ ಇತ್ತು.

"ಸಮುದ್ರದ ನೀರು ಹಿಂಗ ಇರತೈತೇನು?" ಎಂದು ಅತ್ತೆ ಕೇಳಿದರು. ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ.

ಅವನು ಮತ್ತೊಮ್ಮೆ ಬಾವಿಯೊಳಗೆ ನೋಡಿ, "ಇದೇ ಅಮ್ಮಾ. ಇದೇ ನೀರು" ಎಂದ.

ಬೇಲಿ ಒಂದು ಕಡೆ ಕಿತ್ತರು. ಕಂಪನಿಯ ಆಳುಗಳು ಸರದಿಯ ಮೇಲೆ ಸೇದಿ ತಗಡಿನ ಕಾಲುವೆಯಲ್ಲಿ ಹಾಕಿದರೆ ನೀರು ನೇರವಾಗಿ ತೊಟ್ಟಿಗೆ ಹೋಗುತ್ತಿತ್ತು. ಹಳೆಯ ನೀರು ಬಿಟ್ಟಾಗ ಎದ್ದ ನಾತ ಇಡೀ ಓಣಿಗೆ ಹಬ್ಬಿ, ಪಕ್ಕದ ಮನೆಯವರು ಅತ್ತೆಯ ಜೊತೆ ಮಾತು ಬಿಟ್ಟರು. ಅತ್ತೆ ಸೊಪ್ಪು ಹಾಕಲಿಲ್ಲ. ಬೆಳಗಾದರೆ ಬಾವಿಯ ಕಟ್ಟೆಯ ಮೇಲೆ ಕೂತು, "ಏ, ಹಗ್ಗ ಸಾವಕಾಶ ಬಿಡ್ರಿ, ಗಡಗಡಿ ಮುರದೀರಿ" ಎಂದು ಆಳುಗಳನ್ನು ಗದರಿಸುತ್ತಿದ್ದರು. ಆ ಬಾವಿಯ ಗಡಗಡಿ ಅಷ್ಟು ತಿರುಗಿದ್ದನ್ನು ಅವರು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ನೀರು ಬದಲಿಸಿದ ಕೆಲವೇ ದಿನಗಳಲ್ಲಿ ತಿಮಿಂಗಲ ಮೀನು ತಿಂದಿತು. ಸಾಕುವವ ಬೇಲಿಯ ಆಚೆಯಿಂದಲೇ "ಅಮ್ಮಾ, ತಿಂತು" ಎಂದ. ಅತ್ತೆ ಅಡುಗೆಮನೆಯಲ್ಲಿದ್ದರು. ನನ್ನ ಕಡೆ ನೋಡಿ, "ಕೇಳಿದೇನು? ತಿಂತಂತ" ಎಂದು, ಬಾಣಂತಿಯ ಸುದ್ದಿ ಹೇಳಿದ ಹಾಗೆ ಹೇಳಿದರು. ಶುದ್ಧ ಶಾಕಾಹಾರಿ ಹೆಂಗಸು, ಮೀನು ತಿಂದ ಸುದ್ದಿಗೆ ಆ ದಿನ ಹುಗ್ಗಿ ಮಾಡಿದರು.

ಸಾಕುವವ ಸಂಜೆಯ ಹೊತ್ತು ಕಟ್ಟೆಗೆ ಬಂದು ಕೂರುತ್ತಿದ್ದ. ಅವನ ಊರು ಆಗ ಮದರಾಸಿಗೆ ಸೇರಿತ್ತು, ನಮ್ಮದು ಮುಂಬಯಿಗೆ. ನಮ್ಮ ಮನೆಯವರು ಅವನಿಗೆ ರಾಜ್ಯಗಳು ಒಂದಾಗುವ ವಿಷಯ ತಿಳಿಸಿ ಹೇಳುತ್ತಿದ್ದರು. ಅವನು ಹೂಂಗುಟ್ಟುತ್ತಿದ್ದ. ಅತ್ತೆ ನಡುವೆ ಬಾಯಿ ಹಾಕಿ, "ಇಂವಂದೂ ಕನ್ನಡ, ನಮ್ಮದೂ ಕನ್ನಡ. ಒಂದ ಮನಿಯಾಗ ಹಾಕಿದ್ರ ಅರ್ಧ ಮಾತು ತಿಳಿಯೂದಿಲ್ಲ, ತಿಳಿದ ಅರ್ಧಕ್ಕ ಜಗಳ" ಎನ್ನುತ್ತಿದ್ದರು. ಅವನು ನಗುತ್ತಿದ್ದ. ಅವನು ನಕ್ಕದ್ದನ್ನು ನಾನು ಕಂಡದ್ದು ಆ ಕಟ್ಟೆಯ ಮೇಲೆ ಮಾತ್ರ.

ಕಂಪನಿ ಹೊರಡುವ ಮುಂಚೆ ಅತ್ತೆ ಆಟ ನೋಡಲು ಹೋದರು. ನಾನೂ ಹೋದೆ. ಮುಂದಿನ ಸಾಲಿನಲ್ಲಿ ಕೂರಿಸಿದರು. ತಿಮಿಂಗಲ ಹೊಟ್ಟೆಯ ಮೇಲೆ ತೆವಳುತ್ತ ಬಂದು ಕೆಂಪು ಸ್ಟೂಲಿನ ಮೇಲೆ ಹತ್ತಿತು. ಮೂಗಿನ ಮೇಲೆ ಚೆಂಡು ನಿಲ್ಲಿಸಿತು. ಎರಡು ರೆಕ್ಕೆ ಬಡಿದು ಚಪ್ಪಾಳೆ ಹೊಡೆಯಿತು. ಪ್ರತಿಯೊಂದಕ್ಕೂ ಒಂದು ಮೀನು. ಕೊನೆಗೆ ಸಾಕುವವ ಅದನ್ನು ಅತ್ತೆಯ ಮುಂದೆ ತಂದು ನಿಲ್ಲಿಸಿ ಏನೋ ಅಂದ. ಅದು ಎರಡೂ ರೆಕ್ಕೆ ಕೂಡಿಸಿ ತಲೆ ಬಗ್ಗಿಸಿತು. ಅತ್ತೆ ತಟ್ಟನೆ ಎದ್ದು ಕೈ ಮುಗಿದು "ಶರಣ್ರಿ" ಎಂದರು. ಡೇರೆಗೆ ಡೇರೆಯೇ ನಕ್ಕಿತು. ನನಗೆ ನಾಚಿಕೆಯಾಯಿತು. ಅತ್ತೆಗೆ ಆಗಲಿಲ್ಲ.

ಆಟ ಮುಗಿದ ಮೇಲೆ ಹಿಂದೆ ಹೋಗಿ ತೊಟ್ಟಿ ನೋಡಿದೆವು. ಕಬ್ಬಿಣದ ತಗಡಿನದು, ಎರಡು ಚಕ್ಕಡಿ ಜೋಡಿಸಿದಷ್ಟು ಅಗಲ. ಅದು ಒಳಗೆ ಒಂದೇ ಕಡೆಯಿಂದ ಸುತ್ತು ಹಾಕುತ್ತಿತ್ತು. ಗೋಡೆ ಬಂದಲ್ಲಿ ಮೈ ತಿರುಗಿಸುವುದು, ಮತ್ತೆ ಗೋಡೆ, ಮತ್ತೆ ತಿರುಗುವುದು. ಅದರ ಮೈಯ ಒಂದು ಬದಿ ತಗಡಿಗೆ ಉಜ್ಜಿ ಕೂದಲು ಹೋಗಿತ್ತು. "ಗಾಣದ ಎತ್ತಿನಂಗ ಸುತ್ತತೈತಲ್ಲೋ" ಎಂದರು ಅತ್ತೆ. "ಹೌದಮ್ಮಾ" ಎಂದ ಅವನು. "ಆದರ ನೀರು ಅದರದ ಅಲ್ಲಾ?" ಎಂದು ಅತ್ತೆ ಮತ್ತೆ ಕೇಳಿದರು. "ನೀರು ಅದರದ್ದೇ" ಎಂದ. ಆ ಮಾತಿನಿಂದ ಅತ್ತೆಗೆ ಸಮಾಧಾನವಾಯಿತು. ನನಗೆ ಆ ಪ್ರಾಣಿಯನ್ನು ನೋಡಿ ಪಾಪ ಅನಿಸಿತು. ಸೊಸೆಯಾಗಿದ್ದ ನನ್ನನ್ನು ಅದಕ್ಕೆ ಹೋಲಿಸಿಕೊಂಡೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಾನು ಹೋಲಿಸಿಕೊಳ್ಳಲಿಲ್ಲ. ನನಗೆ ಕಾಲಿದ್ದವು, ಉಗಾದಿಗೆ ತವರಿಗೆ ಹೋಗುತ್ತಿದ್ದೆ.

ಕಂಪನಿ ಲಕ್ಷ್ಮೇಶ್ವರಕ್ಕೆ ಹೋಯಿತು. ಅವರ ಲಾರಿ ಗದಗಿನ ಪೇಟೆಗೆ ಮೇವು ತರಲು ಬರುತ್ತಿತ್ತು. ಸಾಕುವವ ಡ್ರೈವರನ ಕಾಲು ಕೈ ಹಿಡಿದು, ಬಂದಾಗಲೆಲ್ಲ ನಮ್ಮ ಬಾವಿಯಿಂದ ಪೀಪಾಯಿ ತುಂಬಿಸಿಕೊಂಡು ಹೋಗುತ್ತಿದ್ದ. ಅಲ್ಲಿಂದ ಡೇರೆ ನಮ್ಮ ತವರೂರು ಶಿರಹಟ್ಟಿಗೆ ಬಂತು. ನಾನು ಉಗಾದಿಗೆ ಹೋದಾಗ ನಮ್ಮವ್ವನ ಜೊತೆ ಅದನ್ನು ನೋಡಲು ಹೋದೆ. ತೊಟ್ಟಿಯಲ್ಲಿ ನೀರು ಅರ್ಧಕ್ಕೆ ಇಳಿದಿತ್ತು. ಅದರ ಒಂದು ಕಣ್ಣು ಪೂರ್ತಿ ಬೆಳ್ಳಗಾಗಿತ್ತು. ಸುತ್ತು ಹಾಕುವುದನ್ನೂ ನಿಲ್ಲಿಸಿ, ಮೂಗಷ್ಟೇ ಮೇಲೆ ಇಟ್ಟುಕೊಂಡು ತೇಲುತ್ತಿತ್ತು. ನಾನು ಸಾಕುವವನನ್ನು ಕೇಳಿದೆ, ನಮ್ಮ ಬಾವಿಯ ನೀರಲ್ಲಿದ್ದೂ ಹೀಗೇಕಾಯಿತು ಎಂದು. ಅವನು ನನ್ನ ಮುಖ ನೋಡಲಿಲ್ಲ. "ಅಮ್ಮನಿಗೆ ಇದು ಹೇಳಬೇಡಿ. ಚೆನ್ನಾಗಿ ಉಂಟು ಅಂತ ಹೇಳಿ" ಎಂದ.

ಬೆಟಗೇರಿಗೆ ಬಂದು ಅತ್ತೆ ಕೇಳಿದಾಗ ಚೆನ್ನಾಗಿದೆ ಎಂದೆ. ಯಾರಿಗಾದರೂ ಸುಳ್ಳು ಹೇಳಿದ್ದಕ್ಕೆ ನನಗೆ ಸಂಕಟವಾಗುವುದು ಕಡಿಮೆ. ಅಂದೂ ಆಗಲಿಲ್ಲ.

ಆಮೇಲೆ ಅವರು ಮುಂಡರಗಿಗೆ ಹೋದರು. ಲಾರಿ ಬರುವುದು ನಿಂತಿತು. ಅತ್ತೆ ದಿನಾ ಹಿತ್ತಲಿಗೂ ಬಾಗಿಲಿಗೂ ಓಡಾಡಿದರು. "ನೀರ ಒಯ್ಯಾಕ ಬರಲಿಲ್ಲಲ್ಲಬೇ. ಅಲ್ಲೆ ಹೊಳಿ ನೀರ ಹಾಕ್ಯಾರೇನು ಮತ್ತ? ಸಿಹಿ ನೀರಾಗ ಅದು ಉಳಿಯೂದಿಲ್ಲ" ಎಂದು ಒಂದೇ ಸಮನೆ. ಚಕ್ಕಡಿ ಕಟ್ಟಿ ಪೀಪಾಯಿ ಕಳಿಸೋಣವೇ ಎಂದು ಮಗನನ್ನು ಕೇಳಿದರು. ಮುಂಡರಗಿಯ ಹಾದಿಯಲ್ಲಿ ಚಕ್ಕಡಿ ಮೇಲೆ ನೀರು ಹೇರಿಕೊಂಡು ಹೋದರೆ ಜನ ನಗುತ್ತಾರೆ ಎಂದು ನಮ್ಮ ಮನೆಯವರು ಒಪ್ಪಲಿಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ಸಾಕುವವ ಒಬ್ಬನೇ ಬಸ್ಸಿನಲ್ಲಿ ಬಂದ. ಕೈಯಲ್ಲಿ ಒಂದು ಗಂಟು. ಕಟ್ಟೆಯ ಮೇಲೆ ಕೂತ. ನಾನು ಬೆಲ್ಲ, ನೀರು ತಂದಿಟ್ಟೆ. ಅತ್ತೆ ಏನೂ ಕೇಳುವ ಮುಂಚೆ ಅವನೇ, "ಹೋಯಿತಮ್ಮಾ" ಎಂದ.

ಅತ್ತೆ ಅವನ ಎದುರಿಗೆ ಕೂತರು. ಅವರು ಕೇಳಬೇಕೆಂದಿದ್ದ ಮಾತು ಯಾವುದು ಎಂದು ನನಗೆ ಗೊತ್ತಿತ್ತು. ಪ್ರಾಣಿ ಹೋದದ್ದಕ್ಕಿಂತ ಆ ಮಾತೇ ಅವರನ್ನು ಹಿಡಿದಿತ್ತು. ಕೊನೆಗೆ ಕೇಳಿದರು.

"ನನ್ನ ನೀರೇನರ ಆಗಿಬರಲಿಲ್ಲೇನೋ ಅದಕ್ಕ?"

ಅವನು ತಲೆ ಎತ್ತಿ ನೋಡಿದ. "ನಿಮ್ಮ ನೀರಲ್ಲಿ ಇದ್ದಷ್ಟು ದಿನ ಅದು ಸಮುದ್ರದಲ್ಲೇ ಇತ್ತಮ್ಮಾ" ಎಂದ. ಹೇಳಿ, ಇಟ್ಟ ನೀರು ಕುಡಿದು, ಊರಿಗೆ ಹೋಗುತ್ತೇನೆ ಎಂದು ಎದ್ದು ಹೋದ. ಮತ್ತೆ ಅವನನ್ನು ನಾವು ನೋಡಲಿಲ್ಲ.

ಆ ಒಂದು ಮಾತನ್ನು ಅತ್ತೆ ಗಟ್ಟಿಯಾಗಿ ಹಿಡಿದುಕೊಂಡರು. ಮನೆಗೆ ಯಾರು ಬಂದರೂ ಮೊದಲು ಹಿತ್ತಲಿಗೆ ಕರೆದುಕೊಂಡು ಹೋಗುವುದು. "ಇದು ಸಮುದ್ರದ ನೀರು. ತಿಮಿಂಗಲ ಇದರಾಗ ಈಸೇತಿ" ಎನ್ನುವುದು. ಬೀಗರು ಬಂದರೂ ಇದೇ, ನೂಲಿನ ವ್ಯಾಪಾರಿ ಬಂದರೂ ಇದೇ. ಮುಳಗುಂದದಿಂದ ಬಂದಿದ್ದ ದೂರದ ನೆಂಟರೊಬ್ಬರಿಗೆ ನೀರು ಕುಡಿಸಿಯೇ ಬಿಟ್ಟರು. ಅವರು ಕೆಮ್ಮುತ್ತ, ಸಮುದ್ರವೇ ಹೌದು ಎಂದು ಒಪ್ಪಿಕೊಂಡರು. ಓಣಿಯ ಹುಡುಗರು "ಸಮುದ್ರದವ್ವ" ಎಂದು ಹೆಸರಿಟ್ಟರು. ಅತ್ತೆ ಅದನ್ನೂ ಬೈಗುಳ ಎಂದುಕೊಳ್ಳಲಿಲ್ಲ. ಪ್ರಾಯವೆಲ್ಲ ಅವರನ್ನು ನಗೆಪಾಟಲು ಮಾಡಿದ್ದ ಬಾವಿ ಅದು. ಈಗ ಅದರ ಕಟ್ಟೆಗೆ ದೀಪಾವಳಿಯಲ್ಲಿ ದೀಪ ಇಡುತ್ತಿದ್ದರು. ನನ್ನನ್ನು ಸಂಸ್ಥಾನದಾಕಿ ಎನ್ನುವುದು ಕೂಡ ಕಡಿಮೆಯಾಯಿತು. ನನಗೆ ಅಷ್ಟೇ ಸಾಕಿತ್ತು.

ರಾಜ್ಯ ಒಂದಾಯಿತು. ಗದಗಿನಲ್ಲಿ ಪೇಡೆ ಹಂಚಿದರು. ನಮ್ಮ ಮನೆಯವರು, ಈಗ ಮಂಗಳೂರೂ ನಮ್ಮದೇ, ಕಾರವಾರವೂ ನಮ್ಮದೇ ಎಂದು ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದರು. ಅತ್ತೆ ಕೇಳಿ, "ಹಂಗಿದ್ರ ಸಮುದ್ರ ನಮ್ಮದ ಆತಿಲ್ಲ? ಒಂದ ಸಲ ನೋಡಾಕ ಹೋಗೂಣು. ಗೋಕರ್ಣದ ದೇವರೂ ಆಗತೈತಿ" ಎಂದರು.

ಸಾಕುವವ ಉಗುಳಿದ್ದು, ಶಿರಹಟ್ಟಿಯಲ್ಲಿ ಮುಖ ತಪ್ಪಿಸಿದ್ದು ಎರಡೂ ಒಟ್ಟಿಗೆ ನೆನಪಾದವು. ನಾನು ಗಂಡನನ್ನು ಒಳಗೆ ಕರೆದು, ಬೇಡ ಅನ್ನಿರಿ ಎಂದೆ. "ಯಾಕ?" ಎಂದರು. "ಆ ನೀರು ಸಮುದ್ರದ್ದಲ್ಲದಿದ್ದರ?" ಎಂದೆ. ಅವರು, "ಸಮುದ್ರದ ನೀರ ಯಾರ ಕುಡೀತಾರ? ಕಾಲ ತೊಳಕೊಂಡ ಬರ್ತಾಳ" ಎಂದರು. ತಾಯಿಯನ್ನು ಮಕ್ಕಳು ಎಷ್ಟು ಕಡಿಮೆ ಬಲ್ಲರು ಎಂದು ಆಗ ಅನಿಸಿತು.

ಗದಗಿನಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಬಸ್ಸು. ಘಟ್ಟ ಇಳಿಯುವಾಗ ಮೂವರೂ ವಾಂತಿ ಮಾಡಿಕೊಂಡೆವು. ಗೋಕರ್ಣದಲ್ಲಿ ದೇವರ ದರ್ಶನಕ್ಕೆ ಮುಂಚೆ ಸಮುದ್ರದಲ್ಲಿ ಮುಳುಗಬೇಕು. ಬೆಳಗಿನ ಹೊತ್ತು, ದಂಡೆಯ ತುಂಬ ಜನ. ಅತ್ತೆ ಸೀರೆ ಎತ್ತಿ ಕಟ್ಟಿ, ಮೊಳಕಾಲಿನತನಕ ನೀರಲ್ಲಿ ನಿಂತರು. ಮುಂದೆ ನೋಡಿದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಇದಕ್ಕ ಗೋಡಿನ ಇಲ್ಲಲ್ಲ" ಎಂದರು. ಆಮೇಲೆ ಬಗ್ಗಿ ಬೊಗಸೆ ತುಂಬಿಕೊಂಡು ಬಾಯಿಗೆ ಹಾಕಿಕೊಂಡರು.

ಉಗುಳಲಿಲ್ಲ. ಮತ್ತೊಂದು ಬೊಗಸೆ ತೆಗೆದುಕೊಂಡರು. ನಾನು ಹತ್ತಿರ ಹೋದೆ.

"ನೀನೂ ನೋಡು."

ನಾನು ಬಾಯಿಗೆ ಹಾಕಿಕೊಂಡೆ. ಬರೀ ಉಪ್ಪು, ಕಟಕಟ ಉಪ್ಪು. ನಮ್ಮ ಬಾವಿಯದು ಹೀಗಲ್ಲ. ಅದು ಕಹಿ, ಚೌಳು, ಸೋಡಾ ನೆಕ್ಕಿದಂತೆ, ನಾಲಿಗೆಯ ಮೇಲೆ ಜಾರುವ ನೀರು. ಉಪ್ಪುನೀರು ಎಂದು ಊರೆಲ್ಲ ಕರೆಯುತ್ತಿದ್ದರೂ ಅದರಲ್ಲಿ ಉಪ್ಪಿನ ಪಾಲು ಎಷ್ಟು ಕಡಿಮೆ ಎಂದು ಆಗ ತಿಳಿಯಿತು. ಎರಡಕ್ಕೂ ಸಂಬಂಧವಿಲ್ಲ. ಒಂದೇ ಅನ್ನಿಸುತ್ತದೆ ಎಂದು ಹೇಳಬಹುದಿತ್ತು. ಅತ್ತೆ ನೀರನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನನ್ನ ಮುಖ ನೋಡುತ್ತಿದ್ದರು.

"ಬ್ಯಾರೆ ಐತ್ರಿ" ಎಂದೆ.

"ಹೌದು. ಬ್ಯಾರೆ ಐತಿ."

ಅಲೆ ಬಂದು ನಮ್ಮಿಬ್ಬರ ಸೀರೆ ತೋಯಿಸಿ ಹೋಯಿತು. ನಾನು ಅವರ ರಟ್ಟೆ ಹಿಡಿದುಕೊಂಡೆ. ಅವರು ಅಳುತ್ತಾರೆ ಎಂದುಕೊಂಡಿದ್ದೆ, ಅಳಲಿಲ್ಲ.

"ಸಮುದ್ರದ ದಂಡಿಯಾಗ ಹುಟ್ಟಿದಂವ. ಅಂವಗ ಬಾಯಿಗಿಟ್ಟಾಗ ಗೊತ್ತಾಗೇತಿ" ಎಂದರು. ನಾನು, ಅವನಿಗೆ ನೀರು ಬೇಕಾಗಿತ್ತು, ತೊಟ್ಟಿ ಗಬ್ಬು ನಾರುತ್ತಿತ್ತು, ಬೇರೆ ಯಾರೂ ಕೊಡಲಿಲ್ಲ, ನಿಮ್ಮನ್ನು ಒಲಿಸಿಕೊಳ್ಳಲು ಹೇಳಿರಬೇಕು ಎಂದೆ. ಸ್ವಚ್ಛ ನೀರು ಸಿಕ್ಕಿದ್ದಕ್ಕೇ ಅದು ಅಷ್ಟು ದಿನ ಮೀನು ತಿಂದದ್ದು ಎಂದೂ ಹೇಳಿದೆ. ಅದು ನಿಜವೂ ಹೌದು, ಇವತ್ತಿಗೂ ನನಗೆ ಹಾಗೇ ಅನಿಸುತ್ತದೆ. "ಅಂವ ಹೇಳಿದ್ದರಾಗ ತಪ್ಪಿಲ್ಲ. ಅಂವನ ಮ್ಯಾಲೆ ನನಗ ಸಿಟ್ಟಿಲ್ಲ" ಎಂದರು ಅತ್ತೆ. ಮತ್ತೆ ದೂರ ನೋಡಿದರು.

"ಅದಕ್ಕೂ ಗೊತ್ತಿತ್ತಲ್ಲಬೇ. ನೀರಾಗ ಬಿಟ್ಟಾಗ ಅದಕ್ಕೂ ಗೊತ್ತಾಗಿರತೈತಿ, ಇದು ನಮ್ಮನಿ ಅಲ್ಲಂತ. ನಾ ದಿನಾ ಕಟ್ಟಿ ಮ್ಯಾಲೆ ಕುಂತು, ನಿನಗ ಸಮುದ್ರ ಕೊಟ್ಟೀನಿ ಅಂತ ಹೇಳತಿದ್ದೆ."

ನನಗೆ ಅಳು ಬಂತು. ನಾನು ಅತ್ತೆಯ ಮುಂದೆ ಅತ್ತದ್ದು ಅದೊಂದೇ ಸಲ. ಉಪ್ಪುನೀರಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ದೇವರ ದರ್ಶನ ಮುಗಿಸಿ ಬಂದು ಅತ್ತೆ ಹಿತ್ತಾಳೆ ತಂಬಿಗೆಯಲ್ಲಿ ಸಮುದ್ರದ ನೀರು ತುಂಬಿಕೊಂಡರು. ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಘಟ್ಟ ಹತ್ತುವಾಗ ವಾಂತಿ ಬಂದರೂ ತಂಬಿಗೆ ಬಿಡಲಿಲ್ಲ. ರೈಲಿನಲ್ಲಿ ಒಬ್ಬಾಕೆ ಕೈಯೊಡ್ಡಿ, ಗೋಕರ್ಣದ ತೀರ್ಥ ಒಂದೀಟು ಹಾಕ್ರಿ ಎಂದಳು. "ತೀರ್ಥ ಅಲ್ಲವ್ವಾ ಇದು" ಎಂದು ಸೆರಗು ಮುಚ್ಚಿದರು.

ಬೆಟಗೇರಿಗೆ ಬಂದಾಗ ಓಣಿಯ ಹೆಂಗಸರು ತೀರ್ಥಕ್ಕೆಂದು ಬಟ್ಟಲು ಹಿಡಿದುಕೊಂಡು ನಿಂತಿದ್ದರು. ಅತ್ತೆ ಅವರ ನಡುವೆಯೇ ಹಾದು ಹಿತ್ತಲಿಗೆ ಹೋದರು. ಬಟ್ಟೆ ಬಿಚ್ಚಿ ತಂಬಿಗೆಯನ್ನು ಬಾವಿಯೊಳಗೆ ಬೋರಲು ಮಾಡಿದರು. ಹಿಂದೆ ಬಂದ ಹೆಂಗಸರು, ಅಷ್ಟು ದೂರದಿಂದ ತಂದ ತೀರ್ಥವನ್ನು ಸವಳು ಬಾವಿಗೆ ಸುರಿದರಲ್ಲ ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಅತ್ತೆ ಕೊಡ ಬಿಟ್ಟು ನೀರು ಸೇದಿ, ಒಂದು ಬೊಗಸೆ ಕುಡಿದರು.

"ಹ್ಯಾಂಗೈತ್ರಿ?" ಎಂದೆ.

"ಹಂಗ ಐತಿ" ಎಂದು ಕೊಡ ಇಟ್ಟು, ಸೀರೆ ಬದಲಿಸಲು ಒಳಗೆ ಹೋದರು.

ಅದಾದ ಮೇಲೂ ಸಮುದ್ರದ ಬಾವಿ ನೋಡಬೇಕೆಂದು ಜನ ಬರುತ್ತಿದ್ದರು. ಅತ್ತೆ ಬೇಡ ಎನ್ನುತ್ತಿರಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ, ಬಗ್ಗಿ ನೋಡಲು ಬಿಟ್ಟು, ಅವರು ನೋಡಿದ ಮೇಲೆ ಹೇಳುತ್ತಿದ್ದರು, "ಸಮುದ್ರ ಅಲ್ಲ, ಸವಳ. ಪಾಪ, ಅದು ಇದರಾಗ ಈಸಿತು."